ಜೆಟ್ ಸ್ಕೀಯ ಎಚ್ಚರಿಕೆ ದೀಪಗಳು: ನೀರಿನ ಮೇಲೆ ದೋಷ ಗುರುತಿಸುವ ಕ್ರಮ

ಜೆಟ್ ಸ್ಕೀಯ ಮೀಟರಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಂಡು ಬೀಪ್ ಸದ್ದು ಶುರುವಾದ ಕೂಡಲೇ ಚಾಲಕನ ಕಣ್ಣು ಪರದೆಗೆ ಅಂಟಿಕೊಳ್ಳುತ್ತದೆ. ಆದರೆ ಆ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ಹಿಂದಿನಿಂದ ಬರುತ್ತಿರುವ ದೋಣಿಯನ್ನು, ಗಾಳಿ ಬೀಸುವ ದಿಕ್ಕನ್ನು ಮತ್ತು ನೀರಿನ ಸೆಳೆತವನ್ನು. ರಸ್ತೆಯಲ್ಲಿ ಕೆಟ್ಟ ವಾಹನವನ್ನು ಬದಿಗೆ ನಿಲ್ಲಿಸಬಹುದು. ಎಂಜಿನ್ ಆರಿದ ಜೆಟ್ ಸ್ಕೀ ನಿಂತಲ್ಲಿ ನಿಲ್ಲುವುದಿಲ್ಲ, ತಿರುಗಿಸಿದ ಕಡೆಗೆ ತಿರುಗುವುದೂ ಇಲ್ಲ. ಆದ್ದರಿಂದ ಈ ಕೈಪಿಡಿಯಲ್ಲಿ ದೋಷ ಹುಡುಕುವುದಕ್ಕಿಂತ ಮುಂಚೆ ಸುರಕ್ಷಿತ ಜಾಗ ಸೇರುವ ವಿಷಯ ಬರುತ್ತದೆ. ಯಾವ ದೀಪದ ಅರ್ಥವನ್ನೂ ಅದೊಂದನ್ನೇ ನೋಡಿ ತೀರ್ಮಾನಿಸದೆ, ಎಂಜಿನ್ನಿನ ಸದ್ದು, ಯಂತ್ರವನ್ನು ಮುಂದೊತ್ತುವ ಬಲ, ಹೊರಬೀಳುವ ತಂಪುನೀರು ಇವುಗಳ ಜೊತೆಗಿಟ್ಟು ಓದುವ ಕ್ರಮವನ್ನು ಇಲ್ಲಿ ಅನುಸರಿಸಲಾಗಿದೆ.

ಮಲ್ಪೆ, ಮುರ್ಡೇಶ್ವರ, ಗೋಕರ್ಣ, ಕಾರವಾರದ ಕಡಲತೀರಗಳಲ್ಲಿಯೂ ಹೊನ್ನಾವರದ ಹಿನ್ನೀರಿನಂತಹ ಕಡೆಗಳಲ್ಲಿಯೂ ಓಡಿಸಲು ಸೂಕ್ತವಾದ, ಕುಳಿತು ಓಡಿಸುವ, ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಎಂಜಿನ್ನಿನ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ದೀಪದ ಆಕಾರ ಮತ್ತು ಬೀಪಿನ ಎಣಿಕೆ ಮಾದರಿಯಿಂದ ಮಾದರಿಗೆ ಬದಲಾಗುತ್ತವೆ. ಇಲ್ಲಿನ ಮಾತಿಗೂ ತಯಾರಕರ ಕೈಪಿಡಿಗೂ ಎಲ್ಲಿಯಾದರೂ ಭೇದ ಕಂಡರೆ ತಯಾರಕರ ಮಾತನ್ನೇ ಪಾಲಿಸಬೇಕು.

ಯಂತ್ರ ನೀರನ್ನು ಬಳಸುವ ಬಗೆ

ಜೆಟ್ ಸ್ಕೀಗೆ ಹೊರಗೆ ಚಾಚಿದ ಪ್ರೊಪೆಲರ್ ಇಲ್ಲ, ಚುಕ್ಕಾಣಿಯ ಹಲಗೆಯೂ ಇಲ್ಲ. ಒಡಲಿನ ತಳದ ಜಾಲರಿಯ ಮೂಲಕ ಒಳಬಂದ ನೀರಿಗೆ ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ, ಅಂದರೆ ಇಂಪೆಲರ್, ವೇಗ ಕೊಡುತ್ತದೆ; ಆ ನೀರು ಹಿಂಬದಿಯ ನಾಜಲಿನಿಂದ ಚಿಮ್ಮಿದಾಗ ಯಂತ್ರ ಮುಂದಕ್ಕೆ ಹೋಗುತ್ತದೆ. ಹ್ಯಾಂಡಲ್ ತಿರುಗಿಸಿದಾಗ ತಿರುಗುವುದು ಇದೇ ನಾಜಲ್. ಹೀಗಾಗಿ ವೇಗ ಏರಿಸುವ ಹಿಡಿಯಾದ ಥ್ರಾಟಲ್ ಬಿಟ್ಟು, ಚಿಮ್ಮುವ ನೀರಿನ ಬಲ ಇಳಿದ ಕ್ಷಣದಿಂದ ಹ್ಯಾಂಡಲಿನ ಹಿಡಿತವೂ ಇಳಿಯುತ್ತದೆ. ಎದುರಿಗೆ ಏನೋ ಕಂಡು ಗಾಬರಿಯಾದ ಹೊಸಬರು ಥ್ರಾಟಲನ್ನು ಪೂರ್ತಿ ಬಿಟ್ಟು ಹ್ಯಾಂಡಲನ್ನು ಬಲವಾಗಿ ತಿರುಗಿಸುತ್ತಾರೆ, ಆದರೆ ಯಂತ್ರ ನೇರವಾಗಿಯೇ ಸಾಗಿ ಡಿಕ್ಕಿ ಹೊಡೆಯುತ್ತದೆ. ಸೀ-ಡೂ ಕಂಪನಿ 2009ರಲ್ಲಿ ತಂದ ಬ್ರೇಕ್ ವ್ಯವಸ್ಥೆಯಾಗಲಿ, ಯಮಹಾದ ಅನಂತರದ ಅಂತಹುದೇ ವ್ಯವಸ್ಥೆಯಾಗಲಿ, ಚಿಮ್ಮುವ ನೀರಿಗೆ ಅಡ್ಡಲಾಗಿ ಒಂದು ಬಕೆಟ್ಟನ್ನು ಇಳಿಸಿ ಅದನ್ನು ಮುಂದಕ್ಕೆ ತಿರುಗಿಸುವ ಮೂಲಕ ಕೆಲಸ ಮಾಡುತ್ತದೆ. ಎಂಜಿನ್ ನಿಂತರೆ ಚಿಮ್ಮುವ ನೀರೂ ಇಲ್ಲ, ಬ್ರೇಕೂ ಇಲ್ಲ. ಎಚ್ಚರಿಕೆಯ ದೀಪ ಹೊತ್ತಿದ ಯಂತ್ರ ಯಾವಾಗ ಬೇಕಾದರೂ ನಿಲ್ಲಬಹುದು ಎಂದು ಭಾವಿಸಿ, ಈಜುಗಾರರ ನಡುವೆ, ದಕ್ಕೆಯ ಹತ್ತಿರ ಅಥವಾ ಬಂಡೆಗಳ ಬಳಿ ಅದನ್ನು ಓಡಿಸಬಾರದು ಎನ್ನುವುದು ಈ ಕಾರಣಕ್ಕಾಗಿ.

ಇದೇ ಪಂಪಿನ ನೀರಿನ ಒಂದು ಪಾಲು ತಂಪುಗೊಳಿಸುವ ಕೆಲಸಕ್ಕೂ ಹೋಗುತ್ತದೆ. ಯಮಹಾ ಮತ್ತು ಕವಾಸಾಕಿ ಯಂತ್ರಗಳಲ್ಲಿ ಕಡಲ ನೀರೇ ಎಂಜಿನ್ನಿನೊಳಗೆ ಹರಿದು ಹೊರಬೀಳುತ್ತದೆ. ಸೀ-ಡೂದ ನಾಲ್ಕು ಸ್ಟ್ರೋಕಿನ ಎಂಜಿನ್ನುಗಳಲ್ಲಿ ಕಾರಿನಂತೆ ಕೂಲೆಂಟ್ ಎಂಬ ತಂಪುದ್ರವ ಒಳಗೊಳಗೇ ಸುತ್ತುತ್ತದೆ, ತಳದ ಲೋಹದ ತಟ್ಟೆಯ ಮೂಲಕ ಅದರ ಬಿಸಿ ಹೊರಗಿನ ನೀರಿಗೆ ಇಳಿಯುತ್ತದೆ. ಆದರೆ ಎಂಜಿನ್ನಿನ ಹೊಗೆ ಹೊರಹೋಗುವ ಎಕ್ಸಾಸ್ಟ್ ತಣಿಯಲು ಅಲ್ಲಿಯೂ ಹೊರಗಿನ ನೀರೇ ಬೇಕು. ಜಾಲರಿಯಲ್ಲಿ ಕಸ ಸಿಕ್ಕಿದರೆ ವೇಗವೂ ತಂಪೂ ಒಟ್ಟಿಗೆ ಕಡಿಮೆಯಾಗುವುದು ಏಕೆ ಎನ್ನುವುದು ಇದರಿಂದ ತಿಳಿಯುತ್ತದೆ, ಮತ್ತು ಮುಂದಿನ ಪತ್ತೆಗೆಲಸದ ಬಹುಪಾಲು ಇದೊಂದೇ ಸಂಬಂಧವನ್ನು ಆಧರಿಸಿದೆ.

ದೀಪ ಹೊತ್ತಿದ ಮೊದಲ ನಿಮಿಷ

ಮೊದಲು ಹಿಂದೆ ತಿರುಗಿ ನೋಡಬೇಕು. ಜೊತೆಯ ಯಂತ್ರ ಹತ್ತಿರದಲ್ಲಿ ಹಿಂಬಾಲಿಸುತ್ತಿದ್ದರೆ ನೀವು ಹಠಾತ್ತನೆ ವೇಗ ಇಳಿಸುವುದೇ ದೀಪಕ್ಕಿಂತ ದೊಡ್ಡ ಅಪಾಯವಾಗುತ್ತದೆ. ಆಮೇಲೆ ಥ್ರಾಟಲನ್ನು ನಿಧಾನವಾಗಿ ಇಳಿಸಿ, ಹ್ಯಾಂಡಲ್ ಕೇಳುವಷ್ಟು ಮಾತ್ರ ವೇಗ ಉಳಿಸಿಕೊಂಡು, ಅಲೆ ಮುರಿಯುವ ಸಾಲಿನಿಂದಲೂ ಬಂಡೆಯಿಂದಲೂ ದೂರ ಸರಿಯಬೇಕು. ಈ ನಿಯಮಕ್ಕೆ ಎರಡೇ ಅಪವಾದಗಳಿವೆ: ಆಯಿಲ್ ಒತ್ತಡದ ದೀಪ, ಮತ್ತು ಹೊಗೆ ಅಥವಾ ಪೆಟ್ರೋಲಿನ ಗಾಢ ವಾಸನೆ. ಇವೆರಡರಲ್ಲಿ ಎಂಜಿನ್ನನ್ನು ಕೂಡಲೇ ನಿಲ್ಲಿಸಬೇಕು. ಆಯಿಲ್ ದೀಪದ ವಿಷಯದಲ್ಲಿ ಮಾತ್ರ, ನಿಲ್ಲಿಸಿದರೆ ಯಂತ್ರ ನೇರವಾಗಿ ಬಂಡೆಗೆ ಬಡಿಯುವ ಸ್ಥಿತಿ ಇದ್ದಾಗ, ಜೀವ ಉಳಿಸಿಕೊಳ್ಳಲು ಬೇಕಾದಷ್ಟು ದೂರ ಓಡಿಸಿದರೆ ತಪ್ಪಿಲ್ಲ. ಎಂಜಿನ್ ಹೋದರೂ ಹೋಗಲಿ.

ಎಂಜಿನ್ ನಿಲ್ಲಿಸಿದರೆ ಯಂತ್ರ ಎತ್ತ ತೇಲುತ್ತದೆ ಎಂಬುದನ್ನು ನಿಲ್ಲಿಸುವ ಮುಂಚೆಯೇ ಅಂದಾಜು ಮಾಡಬೇಕು. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಬೆಳಗಿನ ಹೊತ್ತು ಸಾಮಾನ್ಯವಾಗಿ ನೆಲದ ಕಡೆಯಿಂದ ಕಡಲಿಗೆ ಗಾಳಿ ಇರುತ್ತದೆ. ಮಧ್ಯಾಹ್ನದ ಮೇಲೆ ಕಡಲಿನಿಂದ ದಡಕ್ಕೆ ಬೀಸುತ್ತದೆ. ಮಧ್ಯಾಹ್ನ ಕೆಟ್ಟ ಯಂತ್ರ ದಡದತ್ತ ಬರುವ ಸಂಭವ ಹೆಚ್ಚು, ಬೆಳಿಗ್ಗೆ ಕೆಟ್ಟದ್ದು ಹೊರಗೆ ಹೋಗುವ ಸಂಭವ ಹೆಚ್ಚು. ಅಳಿವೆಗಳ ಲೆಕ್ಕ ಬೇರೆ. ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯಲ್ಲಾಗಲಿ, ಶರಾವತಿಯ ಹೊನ್ನಾವರದ ಅಳಿವೆಯಲ್ಲಾಗಲಿ, ಇಳಿತದ ಹೊತ್ತಿನಲ್ಲಿ ನದಿಯ ನೀರೂ ಉಬ್ಬರದಲ್ಲಿ ಒಳಬಂದ ನೀರೂ ಕೂಡಿ ಹೊರಗೆ ಹರಿಯುತ್ತವೆ. ಎದುರು ಬರುವ ಅಲೆ ಆ ಹರಿವಿಗೆ ತಾಗಿ ಕಡಿದಾಗಿ ಏಳುತ್ತದೆ. ಅಲ್ಲಿ ಎಂಜಿನ್ ಆರಿಸಿ ಪರೀಕ್ಷೆಗೆ ತೊಡಗುವುದು ಸಲ್ಲದು. ಸಣ್ಣ ವೇಗದಲ್ಲಿ ಒಳಗಿನ ಶಾಂತ ನೀರಿಗೆ ಬಂದು, ಸಣ್ಣ ಲಂಗರು ಇದ್ದರೆ ಅದನ್ನು ಇಳಿಸಿ, ಆಮೇಲೆ ಮುಂದಿನ ಕೆಲಸ ನೋಡಬೇಕು.

ದಡ ದೂರವಿದ್ದು ಎಂಜಿನ್ ಮತ್ತೆ ಶುರುವಾಗುವ ಭರವಸೆ ಇಲ್ಲದಿದ್ದರೆ ಯಂತ್ರವನ್ನು ಬಿಟ್ಟು ಈಜಲು ಹೊರಡಬಾರದು. ನೀರಿನಲ್ಲಿ ಒಂಟಿ ತಲೆ ಯಾರಿಗೂ ಕಾಣುವುದಿಲ್ಲ, ತೇಲುವ ಯಂತ್ರ ಕಾಣುತ್ತದೆ. ಭಾರತೀಯ ಕೋಸ್ಟ್ ಗಾರ್ಡಿನ 1554, ಕರಾವಳಿ ಭದ್ರತೆಯ 1093, ಸಾಮಾನ್ಯ ತುರ್ತು ಸೇವೆಯ 112 ಈ ಮೂರು ಸಂಖ್ಯೆಗಳು ನೀರು ಹೋಗದ ಚೀಲದಲ್ಲಿಟ್ಟ ಫೋನಿನಲ್ಲಿ ಇರಬೇಕು. ಲೈಫ್ ಜಾಕೆಟ್ಟಿಗೆ ಕಟ್ಟಿದ ಸೀಟಿ ಅದಕ್ಕಿಂತ ಮುಂಚೆ ಇರಬೇಕು.

ಮೀಟರಿನ ಹೊರಗೆ ಗಮನಿಸಬೇಕಾದವು

ಸುರಕ್ಷಿತ ಜಾಗ ಸೇರಿದ ಮೇಲೆ ಮೊದಲ ಪ್ರಶ್ನೆ: ಥ್ರಾಟಲ್ ಒತ್ತಿದಾಗ ಎಂಜಿನ್ನಿನ ಸುತ್ತು ಏರುತ್ತದೆಯೇ, ವೇಗ ಏರುತ್ತದೆಯೇ? ಸುತ್ತು ಜೋರಾಗಿ ಏರಿ, ಎಂಜಿನ್ ಹಗುರಾಗಿ ಕೂಗಿಕೊಂಡು, ವೇಗ ಮಾತ್ರ ಬರದಿದ್ದರೆ ದೋಷ ಪಂಪಿನ ಕಡೆಗಿದೆ. ಜಾಲರಿಗೆ ಕಸ ಸಿಕ್ಕಿರಬಹುದು, ಇಂಪೆಲರಿನ ಸುತ್ತಲಿನ ವೇರ್ ರಿಂಗ್ ಸವೆದಿರಬಹುದು, ಅಥವಾ ಎಂಜಿನ್ನಿನಿಂದ ಇಂಪೆಲರಿಗೆ ಹೋಗುವ ಡ್ರೈವ್ ಶಾಫ್ಟ್ ಒಡಲನ್ನು ದಾಟುವಲ್ಲಿನ ಸೀಲ್ ಸಡಿಲವಾಗಿ ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತಿರಬಹುದು. ಇದಕ್ಕೆ ವಿರುದ್ಧವಾಗಿ ಸುತ್ತೇ ಏರದೆ, ದೀಪವೂ ಉರಿಯುತ್ತಿದ್ದರೆ, ಎಂಜಿನ್ನಿನ ಕಂಪ್ಯೂಟರ್ ತಾನಾಗಿ ವೇಗಕ್ಕೆ ಮಿತಿ ಹಾಕಿದೆ ಎಂದು ತಿಳಿಯಬೇಕು. ದಡ ಸೇರುವಷ್ಟು ಮಾತ್ರ ಶಕ್ತಿ ಉಳಿಸಿ ಎಂಜಿನ್ನನ್ನು ಕಾಪಾಡುವ ಈ ಏರ್ಪಾಡನ್ನು ಲಿಂಪ್ ಹೋಮ್ ಎಂದು ಕರೆಯುತ್ತಾರೆ. ಸುತ್ತೂ ಏರದೆ ದೀಪವೂ ಇಲ್ಲದೆ ಯಂತ್ರ ಆರೋಗ್ಯವಾಗಿಯೇ ಇದ್ದರೆ ಏನನ್ನೂ ಬಿಚ್ಚುವ ಮುಂಚೆ ಕಲಿಯುವವರಿಗಾಗಿ ಇರುವ ನಿಧಾನಗತಿಯ ಸ್ಥಿತಿಯಲ್ಲಿ ಯಂತ್ರ ಇದೆಯೇ ಎಂದು ನೋಡಬೇಕು. ಸೀ-ಡೂದಲ್ಲಿ ಇದಕ್ಕೆ ಬೇರೆಯೇ ಕೀ ಇರುತ್ತದೆ. ಯಮಹಾದ ಅನೇಕ ಮಾದರಿಗಳಲ್ಲಿ ಕಡಿಮೆ ಸುತ್ತಿನ ಸ್ಥಿತಿ ಇರುತ್ತದೆ. ಬಾಡಿಗೆಗೆ ಕೊಡುವ ಯಂತ್ರಗಳಲ್ಲಿ ಈ ಸ್ಥಿತಿಯನ್ನು ಬೇಕೆಂದೇ ಇಟ್ಟಿರುವುದುಂಟು.

ಎರಡನೆಯದು ಹಿಂಬದಿಯ ಮಟ್ಟ. ಯಂತ್ರದ ಹಿಂಭಾಗ ಎಂದಿಗಿಂತ ಕೆಳಗೆ ಕುಳಿತಿದ್ದರೆ, ಏಳಲು ತಡಮಾಡುತ್ತಿದ್ದರೆ, ತಿರುವಿನಲ್ಲಿ ಒಂದು ಬದಿಗೆ ಭಾರವಾಗಿ ವಾಲುತ್ತಿದ್ದರೆ ಒಡಲಿನೊಳಗೆ ನೀರು ಸೇರಿದೆ ಎಂದೇ ಅರ್ಥ. ಬಹುಪಾಲು ಯಂತ್ರಗಳಲ್ಲಿ ಈ ನೀರನ್ನು ಹೊರಹಾಕುವುದು ಚಿಮ್ಮುವ ನೀರಿನ ಸೆಳೆತದಿಂದಲೇ. ನಿಂತಲ್ಲಿ ಅದು ಕೆಲಸ ಮಾಡುವುದಿಲ್ಲ. ಸ್ವಲ್ಪ ನೀರಾದರೆ ಓಡುತ್ತಾ ಓಡುತ್ತಾ ಖಾಲಿಯಾಗುತ್ತದೆ, ಆದರೆ ಹಿಂಬದಿಯ ಡ್ರೇನ್ ಪ್ಲಗ್ ಹಾಕುವುದನ್ನೇ ಮರೆತಿದ್ದರೆ ದಡಕ್ಕೆ ತಿರುಗುವುದೊಂದೇ ದಾರಿ.

ಮೂರನೆಯದು ತಂಪುನೀರು. ಕಡಲ ನೀರಿನಿಂದಲೇ ತಣಿಯುವ ಯಂತ್ರಗಳಲ್ಲಿ ಪಕ್ಕದ ಸಣ್ಣ ರಂಧ್ರದಿಂದ ಎಡೆಬಿಡದೆ ನೀರಿನ ಎಳೆಯೊಂದು ಬೀಳುತ್ತಿರುತ್ತದೆ. ಯಂತ್ರ ಆರೋಗ್ಯವಾಗಿರುವಾಗಲೇ ಆ ಎಳೆ ಎಷ್ಟು ದಪ್ಪ, ಎಷ್ಟು ದೂರ ಬೀಳುತ್ತದೆ ಎಂದು ನೋಡಿಟ್ಟುಕೊಂಡವರಿಗೆ ಅದು ತೆಳುವಾದದ್ದು ಕೂಡಲೇ ತಿಳಿಯುತ್ತದೆ, ಹಲವು ಸಲ ದೀಪ ಹೊತ್ತುವುದಕ್ಕೂ ಮೊದಲೇ.

ತಾಪದ ದೀಪ

ನಮ್ಮ ನೀರಿನಲ್ಲಿ ತಾಪದ ದೀಪ ಹೊತ್ತಿದರೆ ಮೊದಲು ಶಂಕಿಸಬೇಕಾದದ್ದು ಜಾಲರಿಯನ್ನು. ಹರಿದ ಬಲೆಯ ತುಂಡು, ನೈಲಾನ್ ಹಗ್ಗ, ಪ್ಲಾಸ್ಟಿಕ್ ಚೀಲ, ಹಿನ್ನೀರಿನಲ್ಲಾದರೆ ಅಂತರಗಂಗೆಯಂತಹ ಜಲಕಳೆ, ಮಳೆ ಬಿದ್ದ ಮೇಲೆ ನದಿ ಹೊತ್ತುತರುವ ತೆಂಗಿನ ಸಿಪ್ಪೆ ಮತ್ತು ಕಡ್ಡಿಕಸ, ಇವೆಲ್ಲ ಪಂಪಿನ ಬಾಯಿಗೆ ಬರುತ್ತವೆ. ವೇಗ ತಗ್ಗಿದ ಮೇಲೆ, ಅಥವಾ ಯಂತ್ರ ಒಂದೇ ಸಮನೆ ನಡುಗಲು ಶುರುವಾದ ಮೇಲೆ ತಾಪದ ದೀಪ ಹೊತ್ತಿದ್ದರೆ ಕಸ ಸಿಕ್ಕಿದೆ ಎನ್ನುವುದಕ್ಕೆ ಹೆಚ್ಚಿನ ಸಾಕ್ಷ್ಯ ಬೇಕಾಗಿಲ್ಲ. ವೇಗ ಸ್ವಲ್ಪವೂ ತಗ್ಗದೆ ದೀಪ ಮಾತ್ರ ಹೊತ್ತಿದ್ದರೆ ಪಂಪು ಚೆನ್ನಾಗಿದೆ, ಪಂಪಿನಿಂದ ಎಂಜಿನ್ನಿಗೆ ಹೋಗುವ ದಾರಿಯಲ್ಲಿ ಎಲ್ಲೋ ತಡೆ ಇದೆ ಎಂದು ಮುಂದುವರಿಯಬೇಕು: ಮರಳು ಸೇರಿ ಮುಚ್ಚಿದ ಕೊಳವೆ, ಮಡಚಿಕೊಂಡ ಹೋಸ್, ಉಪ್ಪು ಕಟ್ಟಿದ ಥರ್ಮೋಸ್ಟ್ಯಾಟ್, ಕೂಲೆಂಟ್ ಸುತ್ತುವ ಯಂತ್ರವಾದರೆ ಕೂಲೆಂಟಿನ ಕೊರತೆ.

ಕಸ ತೆಗೆಯುವ ಕೆಲಸದಲ್ಲಿ ಆತುರ ಸಲ್ಲದು, ಏಕೆಂದರೆ ಇಲ್ಲಿ ತಪ್ಪಿದರೆ ಬೆರಳುಗಳು ಹೋಗುತ್ತವೆ. ಎಂಜಿನ್ ನಿಲ್ಲಿಸಿ, ಕೈಗೆ ಕಟ್ಟಿದ ಹಗ್ಗದ ತುದಿಯ ಕೀಯನ್ನು ಯಂತ್ರದಿಂದ ಬಿಡಿಸಿ, ಅದನ್ನು ಚಾಲಕ ತನ್ನ ಬಳಿಯೇ ಇಟ್ಟುಕೊಳ್ಳುವ ತನಕ ಯಾರೂ ತಳದ ಕಡೆಗೆ ಕೈ ಹಾಕಬಾರದು. ಸೊಂಟದ ಮೇಲೆ ನೀರು ಬರುವ, ಅಲೆಯಿಲ್ಲದ ಜಾಗದಲ್ಲಿ ಯಂತ್ರವನ್ನು ಅತ್ತಿತ್ತ ತೂಗಿದರೆ ಎಷ್ಟೋ ಸಲ ಎಲೆ ಮತ್ತು ಪ್ಲಾಸ್ಟಿಕ್ ತಾವಾಗಿ ಜಾರಿ ಬೀಳುತ್ತವೆ. ಕೆಲವು ತಯಾರಕರು ಹೀಗೆ ತೂಗುತ್ತಾ ಸ್ಟಾರ್ಟ್ ಗುಂಡಿಯನ್ನು ಅರೆಕ್ಷಣ ಒತ್ತುವ ಕ್ರಮವನ್ನೂ ಹೇಳಿದ್ದಾರೆ. ಆಗ ನೀರಿನಲ್ಲಿ ನಿಂತವರು ಯಂತ್ರದ ಹಿಂದೆಯೂ ಜಾಲರಿಯ ಬಳಿಯೂ ಇರಕೂಡದು. ಇತ್ತೀಚಿನ ಕೆಲವು ಸೀ-ಡೂ ಮಾದರಿಗಳಲ್ಲಿ ಇಂಪೆಲರನ್ನು ಹಿಂದುಮುಂದಾಗಿ ತಿರುಗಿಸಿ ಕಸವನ್ನು ಹೊರದೂಡುವ ಸೌಕರ್ಯವೇ ಇದೆ. ಹಗ್ಗವೋ ಬಲೆಯೋ ಶಾಫ್ಟಿಗೆ ಸುತ್ತಿಕೊಂಡಿದ್ದರೆ ನೀರಿನಲ್ಲಿ ಅದನ್ನು ಕೊಯ್ಯಲು ಹೊರಡದೆ ಯಂತ್ರವನ್ನು ಎಳೆಸಿಕೊಂಡು ಬರುವುದೇ ಸರಿ.

ಇದೇ ಜಾಲರಿಯ ಮಾತಿನಲ್ಲಿ ಪ್ರವಾಸಿಗರ ಉಡುಪಿನ ವಿಷಯವನ್ನೂ ಹೇಳಲೇಬೇಕು. ನೀರನ್ನು ಎಳೆಯುವ ಪಂಪು ಜಡೆಯನ್ನೂ ದುಪಟ್ಟಾವನ್ನೂ ಸೀರೆಯ ಸೆರಗನ್ನೂ ಲೈಫ್ ಜಾಕೆಟ್ಟಿನ ಇಳಿಬಿದ್ದ ಪಟ್ಟಿಯನ್ನೂ ಹಾಗೆಯೇ ಎಳೆದುಕೊಳ್ಳುತ್ತದೆ. ಹಿಂದೆ ಕುಳಿತವರು ನಾಜಲಿನ ನೇರಕ್ಕೆ ಬಿದ್ದರೆ ರಭಸದ ನೀರು ದೇಹದ ಒಳಗೆ ನುಗ್ಗಿ ಗಂಭೀರ ಗಾಯ ಮಾಡಬಲ್ಲದು. ದಪ್ಪನೆಯ ವೆಟ್‌ಸೂಟಿನ ಚಡ್ಡಿ ತೊಡಬೇಕೆಂದು ತಯಾರಕರು ಯಂತ್ರದ ಮೇಲೆಯೇ ಅಂಟಿಸಿರುವ ಎಚ್ಚರಿಕೆ ಇದಕ್ಕಾಗಿಯೇ. ತೀರದಲ್ಲಿ ಸವಾರಿ ಮಾಡಿಸುವವರು ಈ ಎಚ್ಚರಿಕೆಯನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ನನ್ನ ಖಚಿತ ಅಭಿಪ್ರಾಯ.

ಮರಳಿನ ಸಮಸ್ಯೆ ಬೇರೆ ತೆರನದು. ಇಳಿತದ ವೇಳೆಯಲ್ಲಿ ದಡಕ್ಕೆ ತಾಗಿಸಿ ನಿಲ್ಲಿಸಿದ ಯಂತ್ರವನ್ನು ಅಲ್ಲಿಯೇ ಶುರು ಮಾಡಿದರೆ ಪಂಪು ತಳದ ಹೊಯಿಗೆಯನ್ನು ನೀರಿನೊಡನೆ ಹೀರುತ್ತದೆ. ಅದು ವೇರ್ ರಿಂಗನ್ನು ಅರೆಯುತ್ತದೆ, ತಂಪುನೀರಿನ ದಾರಿಯಲ್ಲಿ ಕೂರುತ್ತದೆ, ಆ ದಿನವಲ್ಲದಿದ್ದರೂ ಮುಂದೊಂದು ದಿನ ತಾಪದ ದೀಪವಾಗಿ ಕಾಣಿಸಿಕೊಳ್ಳುತ್ತದೆ. ಯಂತ್ರದ ತಳದಿಂದ ಕೆಳಗೆ ಕನಿಷ್ಠ 90 ಸೆಂಟಿಮೀಟರ್ ನೀರು ಸಿಗುವ ತನಕ ಯಂತ್ರವನ್ನು ತಳ್ಳಿಕೊಂಡು ಹೋಗಿ ಆಮೇಲೆ ಶುರು ಮಾಡಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಕಸ ತೆಗೆದ ಮೇಲೆ ಎಂಜಿನ್ ತಣಿಯಲು ಬಿಟ್ಟು, ಮತ್ತೆ ಶುರು ಮಾಡಿ, ನೀರಿನ ಎಳೆ ಮೊದಲಿನಂತೆ ಬೀಳುತ್ತಿದೆಯೇ ನೋಡಬೇಕು. ಬಿಸಿ ಎಂಜಿನ್ನಿನ ಕೂಲೆಂಟ್ ಮುಚ್ಚಳವನ್ನು ತೆರೆಯಬಾರದು. ದೀಪ ಮತ್ತೆ ಹೊತ್ತಿದರೆ ಆ ದಿನದ ಓಟ ಮುಗಿಯಿತು. ಎಂಜಿನ್ನನ್ನು ಆರಿಸಿ ಶುರು ಮಾಡಿದಾಗ ದೀಪ ಹೋಯಿತೆಂದು ಓಡಿಸುತ್ತಲೇ ಇರುವ ರೂಢಿ ಕೆಲವರಲ್ಲಿದೆ. ಆರಿಸಿದಾಗ ಹೋದದ್ದು ಸಂಜ್ಞೆ. ತಡೆ ಇದ್ದಲ್ಲಿಯೇ ಇರುತ್ತದೆ. ಹೀಗೆ ಓಡಿಸುತ್ತಾ ಹೋದರೆ ಎಕ್ಸಾಸ್ಟಿನ ರಬ್ಬರ್ ಹೋಸುಗಳು ಕರಗಿ ಒಡಲಿನೊಳಗೆ ಬಿಸಿ ಹೊಗೆಯೂ ನೀರೂ ತುಂಬಬಹುದು.

ಉಪ್ಪುನೀರಿನಲ್ಲಿ ಓಡಿಸಿದ ದಿನವೇ ಸಿಹಿನೀರು ಹಾಯಿಸಿ ತೊಳೆಯಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಅದರ ಕ್ರಮದಲ್ಲಿ ತಪ್ಪಾದರೆ ತೊಳೆಯುವುದೇ ಎಂಜಿನ್ನಿಗೆ ಮುಳುವಾಗುತ್ತದೆ. ಮೊದಲು ಎಂಜಿನ್ ಶುರುವಾಗಬೇಕು, ಆಮೇಲೆ ನಲ್ಲಿ ತೆರೆಯಬೇಕು. ಮುಗಿಸುವಾಗ ಮೊದಲು ನಲ್ಲಿ ಮುಚ್ಚಬೇಕು, ಆಮೇಲೆ ಎಂಜಿನ್ ನಿಲ್ಲಿಸಬೇಕು. ಎಂಜಿನ್ ಓಡದಿರುವಾಗ ನಲ್ಲಿಯ ನೀರು ಹರಿದರೆ ಅದನ್ನು ಹೊರದೂಡಲು ಎಕ್ಸಾಸ್ಟಿನ ಗಾಳಿ ಇರುವುದಿಲ್ಲ, ನೀರು ಹಿಮ್ಮುಖವಾಗಿ ಸಿಲಿಂಡರನ್ನು ಸೇರುತ್ತದೆ. ನೀರಿಲ್ಲದೆ ದಡದ ಮೇಲೆ ಎಂಜಿನ್ ಓಡಿಸುವ ಅವಧಿಯೂ ಬಹಳ ಚಿಕ್ಕದು. ಯಮಹಾ ಕೈಪಿಡಿಗಳು 15 ಸೆಕೆಂಡ್ ಮೀರಬಾರದೆನ್ನುತ್ತವೆ.

ಆಯಿಲ್ ಒತ್ತಡದ ದೀಪ

ತಾಪದ ದೀಪ ಸ್ವಲ್ಪ ಸಮಯ ಕೊಡುತ್ತದೆ, ಇದು ಕೊಡುವುದಿಲ್ಲ. ಒತ್ತಡ ಬಿದ್ದ ಎಂಜಿನ್ನಿನ ಬೇರಿಂಗುಗಳು ಲೋಹಕ್ಕೆ ಲೋಹ ತಾಗಿ ತಿರುಗುತ್ತಿರುತ್ತವೆ. ನಿಲ್ಲಿಸಿದ ಮೇಲೆ ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ತೆಗೆದು ನೋಡುವುದಾದರೂ ತೇಲಾಡುವ ಯಂತ್ರದಲ್ಲಿ ಅದರ ಮಟ್ಟವನ್ನು ನಂಬುವಂತಿಲ್ಲ. ಸರಿಯಾದ ಅಳತೆ ಸಿಗಬೇಕಾದರೆ ಯಂತ್ರ ಸಮತಟ್ಟಾಗಿರಬೇಕು, ಎಂಜಿನ್ ಬಿಸಿಯಾಗಿರಬೇಕು, ನಿಲ್ಲಿಸಿದ ಮೇಲೆ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ನೀರಿನ ಮೇಲೆ ಡಿಪ್‌ಸ್ಟಿಕ್ಕಿನಿಂದ ತಿಳಿಯಬಹುದಾದ ಮುಖ್ಯ ಸಂಗತಿ ಬಣ್ಣ. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದಕ್ಕೆ ನೀರು ಸೇರಿದೆ, ಆ ಎಂಜಿನ್ನನ್ನು ಮತ್ತೆ ತಿರುಗಿಸಲೇಬಾರದು. ಬಣ್ಣ ಸರಿಯಿದ್ದು ಮಟ್ಟ ಕಡಿಮೆಯಿದ್ದರೆ ಸೋರಿಕೆಯನ್ನು ಹುಡುಕಬೇಕು. ಎರಡೂ ಸರಿಯಿದ್ದರೂ ದೀಪ ಉರಿಯುತ್ತಿದ್ದರೆ ಒತ್ತಡದ ಸ್ವಿಚ್ಚಿನ ತಂತಿ ಉಪ್ಪಿಗೆ ತುಕ್ಕು ಹಿಡಿದಿರುವ ಸಾಧ್ಯತೆ ಇದ್ದೇ ಇದೆ. ಆದರೆ ಅದನ್ನು ವರ್ಕ್‌ಶಾಪಿನಲ್ಲಿ ಗೇಜ್ ಹಚ್ಚಿ ಸಾಬೀತು ಮಾಡುವ ತನಕ ಸ್ವಿಚ್ಚಿನ ಮೇಲೆ ದೂರು ಹಾಕಬಾರದು. ಒಂದು ಮಾತು ಇಲ್ಲಿಯೇ ಹೇಳಬೇಕು: ಭಯದಿಂದ ಆಯಿಲನ್ನು ಮಿತಿಗಿಂತ ಹೆಚ್ಚು ತುಂಬುವುದೂ ದೋಷವೇ. ಹೆಚ್ಚಾದ ಆಯಿಲ್ ಗಾಳಿಯ ದಾರಿಗೆ ನುಗ್ಗಿ ಹೊಗೆಯೂ ಶಕ್ತಿಹೀನತೆಯೂ ಶುರುವಾಗುತ್ತವೆ.

ಬ್ಯಾಟರಿ, ಕೀ, ಬೀಪ್

ಬ್ಯಾಟರಿಯ ದೀಪಕ್ಕೆ ಒಂದು ಸಾಧಾರಣ ವೋಲ್ಟ್ ಮೀಟರ್ ಸಾಕು. ಎಂಜಿನ್ ನಿಂತು ಕೆಲವು ಗಂಟೆಗಳಾದ ಮೇಲೆ 12.6ರಿಂದ 12.8 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.0ರ ಆಸುಪಾಸಿನಲ್ಲಿದ್ದರೆ ಖಾಲಿಯಾಗಿದೆ. ಎಂಜಿನ್ ಓಡುತ್ತಿರುವಾಗ 13.5ರಿಂದ 14.5ರ ನಡುವೆ ಇರಬೇಕು. ನಿಂತಾಗ ಚೆನ್ನಾಗಿದ್ದು ಓಡುವಾಗ ಏರದಿದ್ದರೆ ಚಾರ್ಜ್ ಮಾಡುವ ಭಾಗದ ದೋಷ. ಓಡುವಾಗ ಏರಿ ಮರುದಿನ ಬೆಳಿಗ್ಗೆ ಬಿದ್ದುಹೋಗಿದ್ದರೆ ಬ್ಯಾಟರಿಯದೇ ದೋಷ. ಕರಾವಳಿಯಲ್ಲಿ ಇವೆರಡಕ್ಕಿಂತ ಮೊದಲು ಟರ್ಮಿನಲ್ಲುಗಳ ಬಿಳಿಯ ಹುಡಿಯನ್ನು ನೋಡಬೇಕು. ತಂತಿ ಬಿಚ್ಚುವ ಮುಂಚೆ ಆಸನವನ್ನು ತೆಗೆದಿಟ್ಟು ಒಡಲಿನೊಳಗೆ ಗಾಳಿಯಾಡಲು ಬಿಡಬೇಕು; ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು, ತಳದಲ್ಲಿ ಕೂತಿರುತ್ತದೆ, ಒಂದು ಕಿಡಿ ಸಾಕು. ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ ಕೊನೆಗೆ ಹಾಕಬೇಕು.

ಸ್ಟಾರ್ಟ್ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲವೆಂಬ ದೂರಿನಲ್ಲಿ ಎಷ್ಟೋ ಸಲ ಕಾರಣ ಕೀ. ಹಲವು ಸೀ-ಡೂ ಮಾದರಿಗಳಲ್ಲಿ ಕೀ ಕೂರಿಸಿದಾಗ ಎರಡು ಚಿಕ್ಕ ಬೀಪ್ ಬಂದರೆ ಯಂತ್ರ ಅದನ್ನು ಗುರುತಿಸಿದೆ; ಒಂದು ಉದ್ದ ಬೀಪ್ ಬಂದರೆ ಗುರುತಿಸಿಲ್ಲ. ಕೀಯ ಟೊಪ್ಪಿಯೊಳಗೆ ಒಣಗಿದ ಉಪ್ಪು ಕೂತಿದ್ದರೂ ಹೀಗಾಗುತ್ತದೆ, ಸಿಹಿನೀರಿನಲ್ಲಿ ತೊಳೆದು ಒರೆಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ. ಬೇರೆ ಕೆಲವು ಯಂತ್ರಗಳಲ್ಲಿ ಕೀಯ ಬದಲು ಸ್ವಿಚ್ಚಿನ ಕೆಳಗೆ ಸಿಕ್ಕಿಸುವ ಕ್ಲಿಪ್ಪು ಇರುತ್ತದೆ. ಯಾವ ಬಗೆಯದೇ ಆಗಲಿ, ಹಗ್ಗದ ಇನ್ನೊಂದು ತುದಿ ಚಾಲಕನ ಮಣಿಕಟ್ಟಿಗೋ ಲೈಫ್ ಜಾಕೆಟ್ಟಿಗೋ ಕಟ್ಟಿರಲೇಬೇಕು. ಬಿದ್ದ ಚಾಲಕನನ್ನು ಬಿಟ್ಟು ಯಂತ್ರ ಓಡಿಹೋಗದಂತೆ ತಡೆಯುವುದು ಅದೊಂದೇ. ಅದನ್ನು ಹ್ಯಾಂಡಲಿಗೆ ಸುತ್ತಿಟ್ಟು ಓಡಿಸುವ ಪದ್ಧತಿಯನ್ನು ಯಾರೂ ಸಹಿಸಬಾರದು.

ಚೆಕ್ ಎಂಜಿನ್ ದೀಪ ಮತ್ತು ಇಂಧನ

ಚೆಕ್ ಎಂಜಿನ್ ದೀಪ ಒಂದೇ ಉರಿದರೆ ಅದು ಯಾವ ಭಾಗದ್ದೆಂದು ಹೇಳಲಾಗದು, ಎಂಜಿನ್ನಿನ ಕಂಪ್ಯೂಟರ್ ಕೊಡುವ ದೋಷದ ಕೋಡ್ ಓದಬೇಕು. ಕೆಲವು ಮಾದರಿಗಳ ಪರದೆಯಲ್ಲಿಯೇ ಕೋಡ್ ಕಾಣುತ್ತದೆ. ಪಿ 0217 ಎಂದರೆ ಎಂಜಿನ್ನಿನ ತಾಪ ಹೆಚ್ಚಾಗಿದೆ, ಪಿ 0524 ಎಂದರೆ ಆಯಿಲ್ ಒತ್ತಡ ಕಡಿಮೆಯಾಗಿದೆ, ಪಿ 0562 ಎಂದರೆ ವೋಲ್ಟೇಜ್ ಕಡಿಮೆಯಾಗಿದೆ. ಒಟ್ಟಿಗೆ ಹಲವು ಕೋಡುಗಳು, ಅದೂ ಒಂದಕ್ಕೊಂದು ಸಂಬಂಧವಿಲ್ಲದ ಸೆನ್ಸರುಗಳವು, ಬಂದಿದ್ದರೆ ಸೆನ್ಸರುಗಳನ್ನು ಬದಲಿಸುವ ಮುಂಚೆ ಬ್ಯಾಟರಿಯ ವೋಲ್ಟೇಜನ್ನೂ ಗ್ರೌಂಡ್ ತಂತಿಯನ್ನೂ ನೋಡಬೇಕು. ಇಷ್ಟು ಮಾಡಿದರೆ ಬಹಳ ಹಣ ಉಳಿಯುತ್ತದೆ.

ಇಂಧನದ ದೀಪಕ್ಕೆ ವಿವರಣೆ ಬೇಡ. ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದದ್ದು ಕಷ್ಟಕ್ಕೆ ಎಂಬ ಲೆಕ್ಕ ಇಟ್ಟುಕೊಂಡವರು ಈ ದೀಪವನ್ನು ದಡದಿಂದ ದೂರದಲ್ಲಿ ನೋಡುವ ಪ್ರಸಂಗ ಬರುವುದಿಲ್ಲ. ಪೆಟ್ರೋಲ್ ತುಂಬಿದ ಮೇಲೆ ಆಸನ ತೆರೆದು ಮೂಸಿ ನೋಡಿ ಎಂಜಿನ್ ಶುರು ಮಾಡುವುದು ದೀಪಕ್ಕಿಂತ ಮುಖ್ಯ.

ಮಗುಚಿದ ಯಂತ್ರ, ಎಳೆದು ತರುವ ಯಂತ್ರ

ಮಗುಚಿದರೆ ಈಗಿನ ಯಂತ್ರಗಳ ಎಂಜಿನ್ ತಾನಾಗಿ ನಿಲ್ಲುತ್ತದೆ. ನೆಟ್ಟಗೆ ಮಾಡುವಾಗ ಹಿಂಬದಿಯಲ್ಲಿ ಅಂಟಿಸಿರುವ ಬಾಣದ ಗುರುತು ತೋರಿಸುವ ದಿಕ್ಕಿಗೇ ಉರುಳಿಸಬೇಕು. ವಿರುದ್ಧ ದಿಕ್ಕಿಗೆ ಉರುಳಿಸಿದರೆ ಎಕ್ಸಾಸ್ಟಿನಲ್ಲಿ ನಿಂತ ನೀರು ಎಂಜಿನ್ನಿಗೆ ಇಳಿಯಬಹುದು. ಕೆಲವು ನಿಮಿಷಗಳಿಗಿಂತ ಹೆಚ್ಚು ಹೊತ್ತು ತಲೆಕೆಳಗಾಗಿದ್ದರೆ, ಅಥವಾ ಸ್ಟಾರ್ಟರ್ ಒತ್ತಿದಾಗ ಟಕ್ಕೆಂದು ಅರ್ಧಕ್ಕೇ ನಿಂತರೆ, ಸಿಲಿಂಡರಿನಲ್ಲಿ ನೀರಿದೆ ಎಂದೇ ತಿಳಿಯಬೇಕು. ನೀರು ಕುಗ್ಗುವುದಿಲ್ಲ, ಇನ್ನೊಮ್ಮೆ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ದಡದಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ರಂಧ್ರಗಳ ಮೇಲೆ ಬಟ್ಟೆ ಹಾಕಿ, ಇಗ್ನಿಷನ್ ಕಿಡಿ ಬಾರದಂತೆ ಮಾಡಿ ಎಂಜಿನ್ ತಿರುಗಿಸಿ ನೀರನ್ನು ಹೊರಹಾಕಬೇಕು, ಆಯಿಲನ್ನೂ ಬದಲಿಸಬೇಕು. ಉಪ್ಪುನೀರಾದರೆ ಈ ಕೆಲಸ ಅದೇ ದಿನ ಆಗಬೇಕು, ಮಾರನೆಯ ದಿನಕ್ಕೆ ಸಿಲಿಂಡರ್ ಗೋಡೆಗೆ ತುಕ್ಕು ಹತ್ತಿರುತ್ತದೆ.

ಕೆಟ್ಟ ಯಂತ್ರವನ್ನು ದೋಣಿಯಿಂದ ಎಳೆದು ತರುವಾಗಲೂ ಇದೇ ಅಪಾಯವಿದೆ. ಎಳೆಯುವ ವೇಗಕ್ಕೆ ಪಂಪಿನ ಮೂಲಕ ನೀರು ತಂಪುನೀರಿನ ಕೊಳವೆಗೆ ನುಗ್ಗಿ, ಓಡದ ಎಂಜಿನ್ನಿನ ಎಕ್ಸಾಸ್ಟನ್ನು ತುಂಬಿ, ಸಿಲಿಂಡರಿಗೆ ಹೋಗುತ್ತದೆ. ಆದ್ದರಿಂದ ಗಂಟೆಗೆ 8 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಎಳೆಯಬಾರದು. ಕೈಪಿಡಿ ಹೇಳುವ ಮಾದರಿಗಳಲ್ಲಿ ತಂಪುನೀರಿನ ಹೋಸನ್ನು ಕ್ಲ್ಯಾಂಪಿನಿಂದ ಬಿಗಿದು ಮುಚ್ಚಬೇಕು, ಮತ್ತು ಆ ಕ್ಲ್ಯಾಂಪನ್ನು ತೆಗೆಯುವ ತನಕ ಎಂಜಿನ್ ಶುರು ಮಾಡಬಾರದೆಂದು ಒಂದು ಚೀಟಿ ಬರೆದು ಹ್ಯಾಂಡಲಿಗೆ ಕಟ್ಟಬೇಕು. ಅದು ಮರೆತುಹೋದರೆ ರಿಪೇರಿಯಾದ ಎಂಜಿನ್ ಮೊದಲ ಓಟದಲ್ಲಿಯೇ ಬಿಸಿಯಾಗಿ ಕೆಡುತ್ತದೆ.

ಮೆಕ್ಯಾನಿಕ್‌ಗೆ ಒಪ್ಪಿಸುವಾಗ

ಯಂತ್ರವನ್ನು ವರ್ಕ್‌ಶಾಪಿಗೆ ಕೊಡುವವರು ಕೆಟ್ಟಿದೆ ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಎಲ್ಲವನ್ನೂ ಮೊದಲಿನಿಂದ ಹುಡುಕಬೇಕಾಗುತ್ತದೆ. ಯಾವ ದೀಪ ಮೊದಲು ಹೊತ್ತಿತು, ಯಾವುದು ಆಮೇಲೆ. ಆಗ ವೇಗ ಮತ್ತು ಸುತ್ತು ಎಷ್ಟಿದ್ದವು. ಬೀಪ್ ಎಡೆಬಿಡದೆ ಬಂತೇ, ಬಿಟ್ಟು ಬಿಟ್ಟು ಬಂತೇ. ನೀರಿನ ಎಳೆ ಬೀಳುತ್ತಿತ್ತೇ. ಜಾಲರಿಯಲ್ಲಿ ಏನು ಸಿಕ್ಕಿತು. ಮಗುಚಿತ್ತೇ, ಎಷ್ಟು ಹೊತ್ತು. ಎಳೆದು ತಂದದ್ದಾದರೆ ಹೋಸನ್ನು ಮುಚ್ಚಲಾಗಿತ್ತೇ, ಇಷ್ಟನ್ನು ದಡ ಮುಟ್ಟಿದ ಕೂಡಲೇ ಬರೆದಿಡಬೇಕು. ಪರದೆಯ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಬ್ಯಾಟರಿ ಬಿಚ್ಚುವ ಮುಂಚೆ ಈ ಫೋಟೋ ಆಗಿರಬೇಕು, ಏಕೆಂದರೆ ಕೆಲವು ಮಾದರಿಗಳಲ್ಲಿ ವಿದ್ಯುತ್ ಹೋದ ಮೇಲೆ ಪರದೆಯ ಸಂದೇಶ ಮತ್ತೆ ಕಾಣುವುದಿಲ್ಲ. ಎಂಜಿನ್ ಓಡಿದ ಗಂಟೆಗಳನ್ನು ತೋರಿಸುವ ಅವರ್ ಮೀಟರಿನ ಅಂಕಿಯನ್ನೂ ಕೊನೆಯ ಸಲ ಆಯಿಲ್ ಬದಲಿಸಿದ ದಿನಾಂಕವನ್ನೂ ಅದೇ ಕಾಗದದಲ್ಲಿ ಸೇರಿಸಿ ಕೀಯ ಜೊತೆಗೆ ಕೊಡಬೇಕು.